ಮೊದಲ ಕೆಲಸಕ್ಕೆ ಸಣ್ಣ ಪಟ್ಟಣವೋ ಮಹಾನಗರವೋ: ಎರಡೂ ಕಡೆ ಟ್ರೈನಿಯಾಗಿದ್ದವನ ಹೋಲಿಕೆ

ನನ್ನ ಓಟು ಸಣ್ಣ ಪಟ್ಟಣಕ್ಕೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೆಕ್ಯಾನಿಕಲ್ ಮುಗಿಸಿ ಮಹಾನಗರದ ಡಿಸೈನ್ ಕನ್ಸಲ್ಟೆನ್ಸಿಯೊಂದರಲ್ಲಿ ಗ್ರಾಜುಯೇಟ್ ಟ್ರೈನಿಯಾಗಿ ಸೇರಿದೆ. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಬಿಟ್ಟು, ದೂರದ ಪಟ್ಟಣದಲ್ಲಿ ನೀರು ಸರಬರಾಜು ನೋಡಿಕೊಳ್ಳುವ ಸಂಸ್ಥೆಯ ಅದೇ ಬಗೆಯ ಕಾರ್ಯಕ್ರಮಕ್ಕೆ ಹೋದೆ.

ನಗರದಲ್ಲಿ ಕೆಲಸ ಎಂದರೆ ಯಾರೋ ಮಾಡಿಟ್ಟ ಪೈಪಿಂಗ್ ಡ್ರಾಯಿಂಗಿಗೆ ರಿವಿಷನ್ ಹಾಕುವುದು, ವಾಲ್ವ್ ಪಟ್ಟಿ ತಾಳೆ ನೋಡುವುದು. ಪಂಪು ನೀರು ಎಳೆದುಕೊಳ್ಳುವ ಸಕ್ಷನ್ ಕಡೆ ಒತ್ತಡ ಸಾಕೇ ಎಂಬ ಲೆಕ್ಕದಲ್ಲಿ ಸ್ಪ್ರೆಡ್‌ಶೀಟಿನ ಚೌಕ ಹಸಿರಾದರೆ ಮುಗಿಯಿತು. ಸಾಲದಿದ್ದರೆ ಏನಾಗುತ್ತದೆ ಎನ್ನುವುದನ್ನು ನಾನು ಕಿವಿಯಾರೆ ಕೇಳಿದ್ದು ಪಟ್ಟಣದಲ್ಲಿ: ಪಂಪಿನೊಳಗೆ ಜಲ್ಲಿ ಉರುಳಾಡಿದಂಥ ಸದ್ದು. ನೀರಲ್ಲಿ ಆವಿಯ ಗುಳ್ಳೆಗಳೆದ್ದು, ಪಂಪಿನೊಳಗೆ ತಿರುಗುವ ರೆಕ್ಕೆಚಕ್ರವಾದ ಇಂಪೆಲ್ಲರ್ ಬಳಿ ಒಡೆಯುವ ಕ್ಯಾವಿಟೇಶನ್. ಗೇಜ್ ನೋಡುವ ಮೊದಲೇ ಆಪರೇಟರ್ ‘ಸ್ಟ್ರೈನರ್ ಕಟ್ಟಿಕೊಂಡಿದೆ’ ಎಂದರು, ಅಂದರೆ ಕಸ ತಡೆಯುವ ಜಾಲರಿ. ಬಿಚ್ಚಿದರೆ ಹಾಗೇ ಇತ್ತು. ಇಂಪೆಲ್ಲರ್ ರೆಕ್ಕೆಗಳ ಮೇಲೆಲ್ಲ ಸಣ್ಣ ಸಣ್ಣ ಗುಳಿ ಬಿದ್ದಿದ್ದವು.

ಬಿಚ್ಚುವ ಮುಂಚೆ, ಯಾರೂ ಕರೆಂಟ್ ಹಾಕದಂತೆ ಪಂಪಿನ ಸ್ವಿಚ್ ಪ್ಯಾನೆಲ್ಲಿಗೆ ನನ್ನದೇ ಬೀಗ, ನನ್ನ ಹೆಸರಿನ ಟ್ಯಾಗ್, ಕೀಲಿ ನನ್ನ ಜೇಬಿಗೆ. ಕೆಲಸಕ್ಕಿಳಿದ ಪ್ರತಿಯೊಬ್ಬರೂ ತಮ್ಮ ಬೀಗ ತಾವೇ ಹಾಕಿ ತಾವೇ ತೆಗೆಯಬೇಕು. ನಗರದಲ್ಲಿ ಇದನ್ನೇ ವಿಡಿಯೋದಲ್ಲಿ ನೋಡಿ, ಕೊನೆಯ ಪ್ರಶ್ನೆಗಳಿಗೆ ಟಿಕ್ ಹಾಕಿ ಸರ್ಟಿಫಿಕೇಟ್ ತಗೊಂಡಿದ್ದೆ!

ಸಾಫ್ಟ್‌ವೇರ್ ಕಲಿಯಲು ನಗರವೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಬಾಡಿಗೆ ಪಟ್ಟಣದಲ್ಲಿ ಹಗುರ. ಡ್ರೈವಿಂಗ್ ಲೈಸೆನ್ಸ್ ಇಲ್ಲದೆ ಮಾತ್ರ ಅಲ್ಲಿಗೆ ಹೋಗಬೇಡಿ.

ಇನ್ನು ಪಟ್ಟಣದಲ್ಲಿ ನನ್ನ ತಲೆ ತಿಂದದ್ದು ಸಹಿ, ನನ್ನ ಕೆಲಸದ ದಾಖಲೆಗೆ ಹಿರಿಯರು ಹಾಕಬೇಕಾದ ಸಹಿ. ಪದವಿಯ ಮಾನ್ಯತೆಯ ಮಾತಲ್ಲ ಇದು. 1989ರ ವಾಷಿಂಗ್ಟನ್ ಒಪ್ಪಂದಕ್ಕೆ ಸಹಿ ಹಾಕಿದ ಸಂಸ್ಥೆಗಳು ಪರಸ್ಪರರು ಮಾನ್ಯ ಮಾಡಿದ ಎಂಜಿನಿಯರಿಂಗ್ ಪದವಿಗಳನ್ನು ಸರಿಸಮ ಎಂದು ಒಪ್ಪುತ್ತವೆ, ಆದರೆ ಆ ಒಪ್ಪಂದ ಪದವಿಯ ಹೊಸಿಲಿಗೇ ನಿಲ್ಲುತ್ತದೆ. ಮುಂದೆ ಚಾರ್ಟರ್ಡ್ ಅಥವಾ ಪ್ರೊಫೆಷನಲ್ ಎಂಜಿನಿಯರ್ ಎಂಬ ವೃತ್ತಿಮಾನ್ಯತೆ ಪಡೆಯಲು ಸಾಮಾನ್ಯವಾಗಿ ಕೆಲಸದ ಅನುಭವವನ್ನೂ ದಾಖಲೆ ಸಮೇತ ತೋರಿಸಬೇಕು. ಅದು ನಿಜವೆಂದು ಹೇಳಲು ನಮ್ಮ ಕೆಲಸ ಬಲ್ಲ ಹಿರಿಯರು ಬೇಕು.

ನಗರದಲ್ಲಿ ಅಂಥವರು ಪಕ್ಕದ ಮೇಜಿನಲ್ಲೇ ಇದ್ದರು. ಪಟ್ಟಣದಲ್ಲಿ ನನ್ನ ಮೇಲಿನವರು ಸಿವಿಲ್. ತೊಟ್ಟಿ, ಕಾಂಕ್ರೀಟು, ಪೈಪ್‌ಲೈನ್ ಅವರ ಲೋಕ. ಪಂಪಿನ ಕೆಲಸವನ್ನು ಕಣ್ಣಾರೆ ಕಂಡಿದ್ದರೂ ‘ಇದು ನನ್ನ ಶಾಖೆಯಲ್ಲಪ್ಪ’ ಎಂದು ಕೆಲಸ ಬರೆದಿಡುವ ಲಾಗ್‌ಬುಕ್ ವಾಪಸ್ ಕೊಡುತ್ತಿದ್ದರು. ಸಹಿ ಹಾಕಬೇಕಾದ ಮೆಕ್ಯಾನಿಕಲ್ ಹಿರಿಯರು ಇದ್ದದ್ದು ಮುಖ್ಯ ಕಚೇರಿಯಲ್ಲಿ. ಅವರಿಗೆ ನನ್ನ ಮುಖವೇ ಪರಿಚಯವಿಲ್ಲ. ಕಳಿಸಿದ ಪುಟಗಳೆಲ್ಲ ಒಂದೇ ಷರಾ ಹೊತ್ತು ಹಿಂದಿರುಗುತ್ತಿದ್ದವು: ‘ಇದರಲ್ಲಿ ನಿಮ್ಮ ನಿರ್ಧಾರ ಯಾವುದು?’ ಅವರ ಪ್ರಶ್ನೆ ನ್ಯಾಯವೇ. ಆದರೆ ತಿಂಗಳುಗಟ್ಟಲೆ ಹಿಂದಿನ ಕೆಲಸದಲ್ಲಿ ನನ್ನ ನಿರ್ಧಾರ ತೋರಿಸುವ ಲೆಕ್ಕದ ಹಾಳೆ ಎಲ್ಲಿಂದ ಹುಡುಕಿ ತರುವುದು? ಅಷ್ಟರಲ್ಲಿ ರೊಟೇಷನ್ ಬದಲಾಗಿ ನಾನು ಬೇರೆ ವಿಭಾಗಕ್ಕೆ ಹೋಗಿರುತ್ತಿದ್ದೆ.

ಕೊನೆಗೆ ಒಂದು ದಾರಿ ಮಾಡಿಕೊಂಡೆ. ಪ್ರತಿ ಕೆಲಸ ಮುಗಿದ ವಾರದಲ್ಲೇ ಒಂದು ಪುಟ: ತೊಂದರೆ ಏನು, ಎದುರಿಗಿದ್ದ ಆಯ್ಕೆಗಳೇನು, ಯಾವುದನ್ನು ಯಾಕೆ ಆರಿಸಿದೆ. ಜೊತೆಗೆ ಫೋಟೋ, ಲೆಕ್ಕದ ಹಾಳೆ. ಸಿವಿಲ್ ಹಿರಿಯರು ‘ಕೆಲಸ ನಡೆದದ್ದು ಹೌದು’ ಎಂದು ಬರೆದುಕೊಡುತ್ತಿದ್ದರು, ಲೆಕ್ಕದ ಬಗ್ಗೆ ಮುಖ್ಯ ಕಚೇರಿಯವರು ಫೋನಿನಲ್ಲಿ ಕೆದಕಿ ಕೇಳಿ ಸಹಿ ಹಾಕುತ್ತಿದ್ದರು. ಸಂದರ್ಶನದಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ’ ಎಂದಾಗ ಸಂಬಳಕ್ಕಿಂತ ಮೊದಲು ಇದನ್ನು ಕೇಳಿ: ನನ್ನ ದಾಖಲೆಗೆ ಸಹಿ ಹಾಕುವವರು ಯಾರು, ಯಾವ ಶಾಖೆಯವರು, ಎಲ್ಲಿ ಕೂರುತ್ತಾರೆ? ಉತ್ತರ ತಡವರಿಸಿದರೆ ಆಫರ್ ಲೆಟರ್ ಬರುವ ಮುಂಚೆ ಬರಹದಲ್ಲಿ ಪಡೆಯಿರಿ. ಅವಧಿಗೆ ಮುಂಚೆ ಬಿಟ್ಟರೆ ತರಬೇತಿ ಖರ್ಚು ವಾಪಸ್ ಕೊಡಬೇಕೆಂಬ ಷರತ್ತು ಇದೆಯೇ ಎಂದೂ ನೋಡಿಕೊಳ್ಳಿ.

ಇಷ್ಟೆಲ್ಲ ಗೋಳಿದ್ದರೂ ನನ್ನ ಆಯ್ಕೆ ಪಟ್ಟಣವೇ. ಊಟವಾದ ಮೇಲೆ ಪರದೆ ಮುಂದೆ ಕೂತರೆ ತೂಕಡಿಸುವ ಜಾತಿ ನನ್ನದು, ಬೆಳಗ್ಗೆ ಬೇಗ ಏಳುವ ಅಭ್ಯಾಸ ಬೇರೆ. ಮೇಲಿಂದ ಓದಿನ ಸಾಲ. ಬಾಡಿಗೆಯಲ್ಲಿ ಉಳಿದದ್ದರಲ್ಲಿ ಒಂದಿಷ್ಟನ್ನು ಹಳೇ ಕಾರು ನುಂಗಿದರೂ ಕಂತು ತಪ್ಪಲಿಲ್ಲ. ಸಿಮ್ಯುಲೇಷನ್‌ನಲ್ಲೇ ಬೆಳೆಯಬೇಕು ಅನ್ನುವವರು, ಶನಿವಾರ ಸಂಜೆ ಗೆಳೆಯರ ಗುಂಪು ಬೇಕೇ ಬೇಕು ಅನ್ನುವವರು ನಗರದ ಆಫರನ್ನೇ ಹಿಡಿಯಿರಿ.