ಬೇರು ನೀರು ಹೀರುವುದನ್ನು ತೋರಿಸಲು ಬಣ್ಣವೋ, ಎಣ್ಣೆಯೋ?

ಗಿಡವು ಬೇರಿನ ಮೂಲಕ ನೀರನ್ನು ಹೀರಿಕೊಳ್ಳುತ್ತದೆ ಎಂಬುದನ್ನು ಮಕ್ಕಳ ಕಣ್ಣಿಗೆ ಕಾಣಿಸಲು ಮಡಿಕೇರಿ ಸಮೀಪದ ನಮ್ಮ ಶಾಲೆಯಲ್ಲಿ ನಾನು ಮೂರು ವಿಧಾನಗಳನ್ನು ಮಾಡಿ ನೋಡಿದ್ದೇನೆ.

ಬಿಳಿ ಸೇವಂತಿಗೆಯ ದಂಟನ್ನು ನೀಲಿ ನೀರಿನಲ್ಲಿ ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ. ಫೆಬ್ರುವರಿಯ ಬಿಸಿಲಿನಲ್ಲಿ ಬೆಳಿಗ್ಗೆ ಇಟ್ಟರೆ ಸಂಜೆಯೊಳಗೆ ಎಸಳಿನ ಅಂಚಿನಲ್ಲಿ ಬಣ್ಣ ಕಾಣುತ್ತದೆ, ಮಕ್ಕಳು ಕುಣಿಯುತ್ತಾರೆ. ಆದರೆ "ಇದರಲ್ಲಿ ಬೇರೆಲ್ಲಿದೆ ಮಿಸ್?" ಎಂದು ಒಬ್ಬಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅದು ತೋರಿಸುವುದು ಕಾಂಡದೊಳಗೆ ನೀರನ್ನು ಮೇಲಕ್ಕೊಯ್ಯುವ ಕ್ಸೈಲಮ್ ನಾಳಗಳ ಸಾಗಣೆಯನ್ನೇ ಹೊರತು ಬೇರಿನ ಕೆಲಸವನ್ನಲ್ಲ.

ಎರಡನೆಯದು, ಮಳೆಗಾಲದಲ್ಲಿ ರಸ್ತೆ ಬದಿಯ ಬರೆಯ ಮೇಲೆ ಹೇರಳವಾಗಿ ಬೆಳೆಯುವ ಕರ್ಣಕುಂಡಲವನ್ನು ಬೇರುಸಹಿತ ಕೆಂಪು ನೀರಿನಲ್ಲಿಡುವ ವಿಧಾನ. ಅದರ ಕಾಂಡ ಅರೆಪಾರದರ್ಶಕವಾದ್ದರಿಂದ ಕೆಂಪು ಗೆರೆಗಳು ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ತೊಡಕೆಂದರೆ, ಬೇರಿನೊಳಗಿನ ಎಂಡೋಡರ್ಮಿಸ್ ಪದರದ ಜೀವಕೋಶಗಳ ಗೋಡೆಯಲ್ಲಿ ನೀರು ನುಸುಳದ ಪಟ್ಟಿಯೊಂದಿದ್ದು, ಅದು ಅನೇಕ ಬಣ್ಣಗಳನ್ನು ಅಲ್ಲಿಯೇ ತಡೆಯುತ್ತದೆ. ಬಕೆಟ್ಟಿನಲ್ಲಿ ನೆನೆಸಿ ಮಣ್ಣನ್ನು ಮೆಲ್ಲಗೆ ಬಿಡಿಸಿದ ಗಿಡಕ್ಕಿಂತ ಕಿತ್ತೆಳೆದ ಗಿಡವೇ ಮೊದಲು ಕೆಂಪಾದದ್ದನ್ನು ಕಂಡಾಗ, ಬಣ್ಣವು ಹರಿದ ಬೇರುಗಳ ಮೂಲಕವೇ ಒಳಹೊಕ್ಕಿದೆ ಎಂಬ ಅನುಮಾನ ನನಗೆ ಬಂದಿತು. ಇನ್ನೂ ಒಂದು ಪೇಚು: ಗಿಡ ಧಾರಾಳವಾಗಿ ಸಿಗುವ ಜುಲೈನಲ್ಲಿ ಗಾಳಿಯೆಲ್ಲ ತೇವ. ಎಲೆಯಿಂದ ನೀರು ಆವಿಯಾಗದಿದ್ದರೆ ಮೇಲಕ್ಕೆ ಸೆಳೆತವೂ ಇರುವುದಿಲ್ಲ, ಸಂಜೆಯಾದರೂ ಬಣ್ಣ ಗೇಣುದ್ದ ಏರಿರಲಿಲ್ಲ.

ನಾನು ಈಗ ನೆಚ್ಚಿಕೊಂಡಿರುವುದು ಮೂರನೆಯದನ್ನು. ಒಂದೇ ಅಳತೆಯ ಎರಡು ಪ್ರನಾಳಗಳಲ್ಲಿ ಸಮನಾಗಿ ನೀರು ತುಂಬಿ, ಒಂದರಲ್ಲಿ ಬೇರು ಮಾತ್ರ ಮುಳುಗುವಂತೆ ಸಸಿಯನ್ನು ನಿಲ್ಲಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ನೀರು ಆವಿಯಾಗದಂತೆ ಎರಡರ ಮೇಲೂ ತೆಳುವಾಗಿ ಎಣ್ಣೆ ಸುರಿದು ಮಟ್ಟವನ್ನು ಗುರುತಿಸಬೇಕು. ಸಸಿಯಿರುವ ಪ್ರನಾಳದಲ್ಲಿ ಮಾತ್ರ ಮರುದಿನ ಮಟ್ಟ ಇಳಿದಿರುತ್ತದೆ, ಬೇರಲ್ಲದೆ ಬೇರೆ ದಾರಿಯಿಲ್ಲ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ನೋಡಲು ಸಪ್ಪೆ, ನಿಜ. ಸೇವಂತಿಗೆಯ ಸೊಗಸು ಇದಕ್ಕಿಲ್ಲ.

ಮೊದಲ ಸಲ ನಾನು ಕೈಗೆ ಸಿಕ್ಕ ತೆಂಗಿನೆಣ್ಣೆಯನ್ನೇ ಸುರಿದಿದ್ದೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ ಎಂಬುದು ಡಿಸೆಂಬರಿನ ಮಡಿಕೇರಿಯಲ್ಲಿ ಮರೆಯುವ ಮಾತೇ ಅಲ್ಲ, ಆದರೂ ಮರೆತಿದ್ದೆ. ಬೆಳಿಗ್ಗೆ ನೋಡಿದರೆ ಎಣ್ಣೆ ಬಿಳಿಯ ಬಿರಡೆಯಾಗಿ ಗಾಜಿಗೂ ಕಾಂಡಕ್ಕೂ ಕಚ್ಚಿಕೊಂಡಿತ್ತು, ಸಸಿಯನ್ನು ಬಿಡಿಸಲು ಬಿಸಿನೀರು ತರಬೇಕಾಯಿತು. ಅಂದಿನಿಂದ ಸೂರ್ಯಕಾಂತಿ ಎಣ್ಣೆಯನ್ನು ಬಳಸುತ್ತಿದ್ದೇನೆ.