ಟೇಪು, ರೇಡಿಯೊ, ಪೆನ್‌ಡ್ರೈವ್, ಸ್ಮಾರ್ಟ್ ಸ್ಪೀಕರ್: ನಮ್ಮ ಹಜಾರದಲ್ಲಿ ಗೆದ್ದದ್ದು ಯಾವುದು?

ಹಾಸನದ ನಮ್ಮ ಮನೆಯಲ್ಲಿ ಹಾಡು ಕೇಳಲು ಈಗ ನಾಲ್ಕು ದಾರಿ ಇದೆ. ನಾಲ್ಕನ್ನೂ ಸರದಿಯಲ್ಲಿ ಹಜಾರದಲ್ಲಿಟ್ಟು ನೋಡಿದೆವು. ಸೌಂಡ್ ಯಾವುದರದ್ದು ಚೆನ್ನ ಅನ್ನೋದು ನನ್ನ ಪ್ರಶ್ನೆ ಅಲ್ಲ. ಅದರಲ್ಲಿ ಹೊಸದೇ ಗೆಲ್ಲುತ್ತದೆ, ವಾದ ಬೇಡ. ಹಾಡು ಶುರುವಾದ ಮೇಲೆ ಎಷ್ಟು ಜನ ಕೂತು ಕೇಳುತ್ತಾರೆ? ನನಗೆ ಬೇಕಾಗಿದ್ದು ಅಷ್ಟೇ.

ಮೊದಲು ಅಪ್ಪನ ಟೇಪ್ ರೆಕಾರ್ಡರ್. ಸಿ-60 ಕ್ಯಾಸೆಟ್ ಅಂದರೆ ಒಂದು ಸೈಡಿಗೆ 30 ನಿಮಿಷ. ಬೇಡದ ಹಾಡು ಬಂದರೆ ಫಾರ್ವರ್ಡ್ ಒತ್ತಬೇಕು, ಅಂದಾಜಿನಲ್ಲಿ ನಿಲ್ಲಿಸಬೇಕು, ಮತ್ತೆ ಸ್ವಲ್ಪ ಹಿಂದಕ್ಕೆ ಬರಬೇಕು. ಅಷ್ಟು ಪಾಡು ಯಾರಿಗೆ ಬೇಕು? ಎಲ್ಲರೂ ಎಲ್ಲ ಹಾಡನ್ನೂ ಕೇಳಿಬಿಡುತ್ತಾರೆ. ಸಿ. ಅಶ್ವತ್ಥ್ ಅವರ ಭಾವಗೀತೆ ಹಾಕಿದಾಗ ಮಗಳು ಮುಖ ಸಿಂಡರಿಸಿದಳು. ಎ ಸೈಡ್ ಮುಗಿದು ಟಕ್ ಅಂದಾಗ ಎದ್ದು ಹೋಗಿ ತಿರುಗಿಸಿ ಹಾಕಿದವಳೂ ಅವಳೇ.

ಆದರೆ ಟೇಪ್ ಸಾಕೋದು ಸುಲಭ ಅಲ್ಲ. ಮಳೆಗಾಲದ ತೇವಕ್ಕೆ ಸುರುಳಿಯ ಅಂಚಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಹಾಗೇ ಹಾಕಿದರೆ ಅದು ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಂಡು ದನಿ ಮಂಕಾಗುತ್ತದೆ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದರೆ ಹತ್ತಿಯೆಲ್ಲ ಕಂದು. ಸುರುಳಿ ತಿರುಗಿಸುವ ರಬ್ಬರ್ ಬೆಲ್ಟ್ ಸಡಿಲವಾದರಂತೂ ಗಾಯಕರು ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳುತ್ತದೆ.

ಪೆನ್‌ಡ್ರೈವ್ ಸ್ಪೀಕರ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಸಾಧಾರಣ ಗುಣಮಟ್ಟದ (128 ಕೆಬಿಪಿಎಸ್) ಎಂಪಿ3 ಹಾಡು ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ, ಅಂದರೆ 32 ಜಿಬಿಯಲ್ಲಿ ಐದು ನಿಮಿಷದ 6000 ಹಾಡು ಹಿಡಿಸುತ್ತವೆ. ಪರದೆ ಇಲ್ಲ, ಹುಡುಕೋಕೆ ಆಗಲ್ಲ. ಆನ್ ಮಾಡಿದಾಗಲೆಲ್ಲ ಅದೇ ಮೊದಲ ಹಾಡು.

ಸ್ಮಾರ್ಟ್ ಸ್ಪೀಕರ್ ತಂದ ಹೊಸದರಲ್ಲಿ ಹಬ್ಬ. ಆಮೇಲೆ ಜಗಳ. ಒಬ್ಬರ ಹಾಡು ಪಲ್ಲವಿ ದಾಟುವ ಮೊದಲೇ ಇನ್ನೊಬ್ಬರ ಆರ್ಡರ್. ಅಮ್ಮ ಹಾಡಿನ ಹೆಸರನ್ನು ಸರಿಯಾಗಿ, ಸ್ಪಷ್ಟವಾಗಿ ಹೇಳಿದರೆ ಅದು ಯಾವುದೋ ಹಿಂದಿ ಹಾಡು ಹಾಕುತ್ತದೆ. ಮಗಳು ಅದೇ ಹೆಸರನ್ನು ಇಂಗ್ಲಿಷ್ ಮೀಡಿಯಂ ಧಾಟಿಯಲ್ಲಿ ಎಳೆದರೆ ತಕ್ಷಣ ಗೊತ್ತಾಗುತ್ತದೆ! ಅಮ್ಮ ಕೇಳೋದನ್ನೇ ಬಿಟ್ಟರು. ಇನ್ನೊಂದು ತಾಪತ್ರಯ: ಮನೆಗೆಲ್ಲ ಒಂದೇ ಅಕೌಂಟ್. ಮಗಳು ಮಹಡಿಯಲ್ಲಿ ಫೋನಿನಲ್ಲಿ ಹಾಡು ಹಾಕಿದರೆ ಕೆಳಗೆ ಹಜಾರದಲ್ಲಿ ನಮ್ಮದು ನಿಂತುಹೋಗುತ್ತದೆ. ನೆಟ್ ಹೋದರೆ ಇಬ್ಬರಿಗೂ ಇಲ್ಲ.

ಗೆದ್ದದ್ದು ರೇಡಿಯೊ. ಆಕಾಶವಾಣಿ ಹಾಸನ, 102.2. ಆಯ್ಕೆ ಯಾರ ಕೈಯಲ್ಲೂ ಇಲ್ಲ, ಹಾಗಾಗಿ ಜಗಳವೂ ಇಲ್ಲ. ಮುಂದಿನ ಹಾಡು ಯಾವುದಿರಬಹುದು ಅಂತ ಅಮ್ಮ, ಮಗಳು ಪಂತ ಕಟ್ಟುತ್ತಾರೆ. ಕರೆಂಟ್ ಹೋದರೆ ಎರಡು ಸೆಲ್ ಸಾಕು. ಕೊರತೆ ಇಲ್ಲ ಅಂತಲ್ಲ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗೀತು. ಸಕಲೇಶಪುರದ ಕಡೆ ತಗ್ಗಿನಲ್ಲಿರುವ ಚಿಕ್ಕಮ್ಮನ ತೋಟದ ಮನೆಯಲ್ಲಿ ಏರಿಯಲ್ ಹಿಡಿದು ಕಿಟಕಿ ಕಿಟಕಿ ಸುತ್ತಿದರೂ ಬರೀ ಗೊರಗೊರ. ಅಂಥ ಕಡೆ ಪೆನ್‌ಡ್ರೈವೇ ಗತಿ.

ಸ್ಮಾರ್ಟ್ ಸ್ಪೀಕರ್ ಈಗಾಗಲೇ ಮನೆಯಲ್ಲಿದ್ದರೆ ಒಂದು ಕೆಲಸ ಮಾಡಿ. ಭಾನುವಾರ ಬೆಳಗ್ಗೆಯೇ ಮನೆಯವರೆಲ್ಲ ಹೇಳಿದ ಹಾಡು ಸೇರಿಸಿ ಒಂದು ಪ್ಲೇಲಿಸ್ಟ್ ಹಾಕಿ, ಆಮೇಲೆ ಯಾರೂ ಅದರ ಜೊತೆ ಮಾತಾಡಬಾರದು ಅಂತ ಕಟ್ಟುನಿಟ್ಟು ಮಾಡಿ. ಹಳೇ ಟೇಪ್ ಮಾತ್ರ ಆಸೆಗೆ ಬಿದ್ದು ಕೊಳ್ಳಬೇಡಿ. ಬೆಲ್ಟ್ ಹಾಕಿಕೊಡುವವರನ್ನು ಮೊದಲು ಹುಡುಕಿಕೊಳ್ಳಿ, ಆಮೇಲೆ ದುಡ್ಡು ಕೊಡಿ.