ತರಬೇತಿ ಶುಲ್ಕ ಕೇಳುವ ‘ಮನೆಯಿಂದಲೇ ಕೆಲಸ’: ಐದರಲ್ಲಿ ಒಂದು ನಕ್ಷತ್ರವೂ ಹೆಚ್ಚು

ತುಮಕೂರಿನ ಪದವೀಧರರ ವಾಟ್ಸಾಪ್ ಗುಂಪುಗಳಲ್ಲಿ ಡೇಟಾ ಎಂಟ್ರಿ ಕೆಲಸದ ಹೆಸರಿನಲ್ಲಿ ಹರಿದಾಡುತ್ತಿರುವ ಈ ಸೇವೆಯನ್ನು, ನನ್ನ ತಂಗಿಗೆ ಬಂದ ನೇಮಕಾತಿ ಪತ್ರವನ್ನು ಮುಂದಿಟ್ಟುಕೊಂಡು ವಿಮರ್ಶಿಸುತ್ತಿದ್ದೇನೆ. ಸಂದರ್ಶನವು ಟೆಲಿಗ್ರಾಮ್‌ನಲ್ಲಿ ಕೇಳಿದ ನಾಲ್ಕು ಪ್ರಶ್ನೆಗಳಿಗೇ ಮುಗಿಯಿತು. ಪತ್ರದ ವಿನ್ಯಾಸ ಮಾತ್ರ ಅಚ್ಚುಕಟ್ಟಾಗಿದೆಯೆಂದು ಒಪ್ಪಲೇಬೇಕು, ಮೊಹರಿಗೂ ಕೊರತೆಯಿಲ್ಲ. ಆದರೆ ಮೊದಲ ಸಂಬಳದೊಂದಿಗೆ ಹಿಂದಿರುಗಿಸುವುದಾಗಿ ನಂಬಿಸಿ ಕೇಳುವ ತರಬೇತಿ ಶುಲ್ಕವನ್ನು ಸಂಸ್ಥೆಯ ಖಾತೆಗಲ್ಲದೆ ಯಾರದೋ ವೈಯಕ್ತಿಕ ಯುಪಿಐ ಐಡಿಗೆ ಕಳುಹಿಸಬೇಕು. ಕಳುಹಿಸಿದವರ ಮುಂದೆ ಲ್ಯಾಪ್‌ಟಾಪ್ ಠೇವಣಿ, ಬಳಿಕ ಪ್ರಮಾಣಪತ್ರದ ಶುಲ್ಕ ಎಂದು ಬೇಡಿಕೆ ಬೆಳೆಯುತ್ತಲೇ ಹೋಗುತ್ತದೆ. ಶಿರಾ ಗೇಟ್ ಬಳಿಯ ಪರಿಚಿತರೊಬ್ಬರ ಮಗ ಇವಿಷ್ಟನ್ನೂ ಕಟ್ಟಿದ ಮೇಲೆ ದೊರೆತ ‘ತರಬೇತಿ’ಯು ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುವ ಎಕ್ಸೆಲ್ ಪಾಠವಾಗಿತ್ತು. ಪತ್ರದಲ್ಲಿದ್ದ ಕಂಪನಿಯ ಹೆಸರನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹುಡುಕಿದಾಗ ಅಂಥ ನೋಂದಣಿಯೇ ಕಾಣಲಿಲ್ಲ. ಹಣ ಕಟ್ಟಿದವರು ತಡಮಾಡದೆ ಸೈಬರ್ ವಂಚನೆಯ ದೂರು ಸ್ವೀಕರಿಸುವ 1930 ಸಹಾಯವಾಣಿಗೆ ಕರೆ ಮಾಡಿದರೆ, ವಂಚಕರ ಖಾತೆಯಲ್ಲಿ ಇನ್ನೂ ಉಳಿದಿರುವ ಮೊತ್ತವನ್ನು ತಡೆಹಿಡಿಸುವ ಸಾಧ್ಯತೆ ಇರುತ್ತದೆ. ಕಂಪ್ಯೂಟರ್ ಸಾಧನಗಳನ್ನು ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಡಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಗಿದೆ.